ಓದುಗರ ಪ್ರಶ್ನೆ: ಟೂಲ್ ಹಿಡಿಸಿತು, ಲೈಸೆನ್ಸ್ ಹಿಡಿಸಲಿಲ್ಲ

ಪ್ರಶ್ನೆ (ಬದಿಯಡ್ಕ, ಕಾಸರಗೋಡು): ನುಡಿ ಫಾಂಟಿನಲ್ಲಿರುವ ಹಳೆಯ ಬರಹವನ್ನು ಯುನಿಕೋಡಿಗೆ ತರುವ ಜಾವಾಸ್ಕ್ರಿಪ್ಟ್ ಲೈಬ್ರರಿಯೊಂದನ್ನು ನಾವು ನಾಲ್ವರು ಬರೆದಿದ್ದೇವೆ. ಲೈಸೆನ್ಸ್ ಜಿಪಿಎಲ್ 3 (ಕೋಡನ್ನು ಸೇರಿಸಿಕೊಂಡು ಹಂಚುವವರು ತಮ್ಮ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕೆನ್ನುವುದು). ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು ಬಳಸುತ್ತಿದ್ದಾರೆ. ಬೆಂಗಳೂರಿನ ಆ್ಯಪ್ ಕಂಪನಿಯೊಂದು ಮೆಚ್ಚಿಕೊಂಡು, ಆಮೇಲೆ ‘ಲೈಸೆನ್ಸ್ ಆಗುವುದಿಲ್ಲ’ ಎಂದು ಬಿಟ್ಟಿತು. ಮೂಲ ಕೋಡ್ ಕೊಡುವ ಷರತ್ತಿಲ್ಲದ ಎಂಐಟಿ ಲೈಸೆನ್ಸಿಗೆ ಬದಲಿಸಬೇಕೇ?

ಉತ್ತರ: ಅವಸರ ಬೇಡ. ಅಧ್ಯಾಪಕರಿಗೆ ತೊಡಕಾಗದ ಲೈಸೆನ್ಸ್ ಕಂಪನಿಗೆ ಏಕೆ ತೊಡಕಾಯಿತು ಎಂದು ಮೊದಲು ನೋಡಿ. ಅಧ್ಯಾಪಕರು ಪ್ರಶ್ನೆಪತ್ರಿಕೆಯನ್ನು ಪರಿವರ್ತಿಸಿ ಬರಹವನ್ನಷ್ಟೇ ಒಯ್ಯುತ್ತಾರೆ. ಆ ಬರಹಕ್ಕೆ ಜಿಪಿಎಲ್ ಅಂಟುವುದಿಲ್ಲ. ಕೇರಳದ ಶಾಲೆಗಳಿಗೆ ಸರ್ಕಾರದ ಕೈಟ್ ಸಂಸ್ಥೆ ಕೊಡುವುದೇ ಜಿಪಿಎಲ್ ಲೈಸೆನ್ಸಿನ ಲಿನಕ್ಸ್. ಅಲ್ಲಿ ಜಿಪಿಎಲ್ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕಂಪನಿಯ ಮಾತು ಬೇರೆ. ವೆಬ್‌ಪ್ಯಾಕ್‌ನಂಥ ಬಂಡ್ಲರ್ ನಿಮ್ಮ ಕೋಡನ್ನೂ ಅವರದನ್ನೂ ಅರೆದು ಒಂದೇ ಕಡತ ಮಾಡುತ್ತದೆ, ಅದು ಗ್ರಾಹಕರ ಫೋನಿಗೆ ಹೋಗುತ್ತದೆ. ಹಾಗಾದಾಗ ಇಡೀ ಆ್ಯಪ್‌ನ ಮೂಲ ಕೋಡನ್ನು ಜಿಪಿಎಲ್ ಅಡಿ ಕೊಡಬೇಕಾಗುತ್ತದೆ ಎಂಬ ಅವರ ವಕೀಲರ ಅಂಜಿಕೆ ಸುಳ್ಳಲ್ಲ.

ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್ ಮಧ್ಯದ ದಾರಿಯಂತೆ ಕಂಡರೂ ನಿಮಗೆ ಹೊಂದದು. ಬಳಕೆದಾರ ಲೈಬ್ರರಿಯನ್ನು ಬದಲಿಸಿ ಹಾಕಿಕೊಳ್ಳಲು ಸಾಧ್ಯವಿರಬೇಕು ಎಂಬುದು ಅದರ ಷರತ್ತು. ಅರೆದು ಮುದ್ದೆ ಮಾಡಿದ ಕಡತದಲ್ಲಿ ಅದು ಕಷ್ಟ. ನಮ್ಮ ಸಲಹೆ ಎಂಪಿಎಲ್ 2.0 (ಮೊಜಿಲ್ಲಾ ಲೈಸೆನ್ಸ್). ಇದು ಕಡತದ ಲೆಕ್ಕದಲ್ಲಿ ನಡೆಯುತ್ತದೆ. ನಿಮ್ಮ ಕಡತವನ್ನು ತಿದ್ದಿ ಹಂಚಿದವರು ಆ ಕಡತದ ಮೂಲವನ್ನು ಬಿಚ್ಚಿಡಬೇಕು, ಉಳಿದ ಆ್ಯಪ್ ಅವರದೇ. ಈಗಿನ ಜಿಪಿಎಲ್ ಬಳಕೆದಾರರೊಡನೆಯೂ ಇದು ಹೊಂದುತ್ತದೆ.

ನಿಮಗೆ ಇದರಿಂದ ಲಾಭ ಎಲ್ಲಿ ಎಂದರೆ, ಉದಾಹರಣೆಗೆ ಅರ್ಕಾವತ್ತು. ನುಡಿಯಲ್ಲಿ ‘ಸೂರ್ಯ’ ಬರೆದಾಗ ಅರ್ಕಾವತ್ತಿನ ಸಂಕೇತ ‘ಯ’ದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ನಡುವೆ ಒತ್ತೂ ಗುಣಿತವೂ ಇದ್ದರೆ ಎಷ್ಟು ಹಿಂದಕ್ಕೆ ಸರಿಸಬೇಕು ಎಂಬಲ್ಲೇ ಇಂಥ ಪರಿವರ್ತಕಗಳು ಎಡವುವುದು. ಕಂಪನಿಯವರು ಈ ತಪ್ಪನ್ನು ನಿಮ್ಮ ಕಡತದಲ್ಲೇ ತಿದ್ದಿ ಆ್ಯಪ್ ಹಂಚಿದರೆ ತಿದ್ದುಪಡಿ ನಿಮಗೂ ಸಿಗುತ್ತದೆ. ಎಂಐಟಿಯಲ್ಲಿ ಆ ಖಾತರಿ ಇಲ್ಲ. ಒಂದು ಕಿಂಡಿ ಮಾತ್ರ ಉಂಟು: ತಿದ್ದುಪಡಿಯನ್ನು ತಮ್ಮದೇ ಹೊಸ ಕಡತದಲ್ಲಿ ಬರೆದುಕೊಂಡರೆ ಅದನ್ನು ಅವರು ಕೊಡಬೇಕಿಲ್ಲ. ಅಕ್ಷರಗಳ ಕೋಷ್ಟಕವನ್ನೂ ಸರಿಸುವ ನಿಯಮಗಳನ್ನೂ ಒಂದೇ ಕಡತದಲ್ಲಿಡಿ, ಕಿಂಡಿ ಸಣ್ಣದಾಗುತ್ತದೆ.

ಬದಲಿಸಲು ನಾಲ್ವರ ಒಪ್ಪಿಗೆಯೂ ಬರಹದಲ್ಲಿ ಬೇಕು, ಇಮೇಲ್ ಆದರೂ ಸರಿ. ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್‌ನ ಶಾರ್ಟ್‌ಲಾಗ್ ತೋರಿಸುವ ಹೆಸರುಗಳು ಸಾಕಾಗವು. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ತುಣುಕನ್ನು ನಿಮ್ಮ ಹೆಸರಲ್ಲಿ ಕಮಿಟ್ ಮಾಡಿದ್ದರೆ (ಗಿಟ್‌ನಲ್ಲಿ ದಾಖಲಿಸಿದ್ದರೆ) ಅವರನ್ನೂ ಕೇಳಿ. ನಾಲ್ವರಲ್ಲಿ ಯಾರಾದರೂ ನೌಕರಿಯ ಕೆಲಸವಾಗಿ ಬರೆದಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ಹಕ್ಕು ಮಾಲೀಕರದು. ಅಲ್ಲಿಂದಲೂ ಪತ್ರ ಬೇಕು. ಹಕ್ಕನ್ನೇ ನಿಮ್ಮ ಹೆಸರಿಗೆ ಬರೆಸಿಕೊಳ್ಳುವುದಾದರೆ ಅವಧಿ, ಪ್ರದೇಶ ಎರಡನ್ನೂ ಬರೆಯಿರಿ; ಬಿಟ್ಟರೆ 19ನೇ ಕಲಮು ಅದನ್ನು 5 ವರ್ಷ, ಭಾರತದೊಳಗೆ ಎಂದು ಎಣಿಸುತ್ತದೆ. ಒಪ್ಪದವರ ಅಥವಾ ಸಿಗದವರ ಭಾಗವನ್ನು ಹೊಸದಾಗಿ ಬರೆಯಬೇಕು, ಹಳೆಯದನ್ನು ನೋಡಿಕೊಂಡಲ್ಲ.

ಆಮೇಲೆ ಲೈಸೆನ್ಸ್ ಕಡತದಲ್ಲಿ ಪೂರ್ಣ ಪಠ್ಯ, ಪ್ರತಿ ಕಡತದ ತಲೆಯಲ್ಲಿ ಎಸ್‌ಪಿಡಿಎಕ್ಸ್ ಗುರುತಿನ (ಲೈಸೆನ್ಸ್ ಹೆಸರಿನ ಪ್ರಮಾಣಿತ ಕಿರುರೂಪ) ಒಂದು ಸಾಲು, ಪ್ಯಾಕೇಜ್ ಕಡತದಲ್ಲೂ ಅದೇ ಹೆಸರು. ಪ್ಯಾಕೇಜ್ ಕಡತವನ್ನು ರಚಿಸುವ ‘ಎನ್‌ಪಿಎಂ ಇನಿಟ್’ ಮಾಡುವಾಗ ಎಂಟರ್ ಒತ್ತುತ್ತ ಹೋದರೆ ಲೈಸೆನ್ಸ್ ಜಾಗದಲ್ಲಿ ಐಎಸ್‌ಸಿ ಎಂಬ ಬೇರೆಯೇ ಲೈಸೆನ್ಸಿನ ಹೆಸರು ಕೂತಿರುತ್ತದೆ. ಕಂಪನಿಗಳ ಸ್ಕ್ಯಾನರ್ ಎರಡು ಕಡೆ ಎರಡು ಹೆಸರು ಕಂಡರೆ ಕೆಂಪು ಗುರುತು ಹಾಕುತ್ತದೆ. ನಿಮ್ಮನ್ನು ಫೋನು ಮಾಡಿ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹೊಸ ಆವೃತ್ತಿ ಸಂಖ್ಯೆಯೊಡನೆ ಬಿಡುಗಡೆ ಮಾಡಿ. ಹಿಂದಿನ ಆವೃತ್ತಿಗಳು ಜಿಪಿಎಲ್‌ನಲ್ಲೇ ಉಳಿಯುತ್ತವೆ.

ಪ್ರಶ್ನೆ (ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ): ‘ಶಾಲೆಗಳಿಗೆ ಉಚಿತ, ವ್ಯಾಪಾರಕ್ಕೆ ಬಳಸುವಂತಿಲ್ಲ’ ಎಂದು ಸೇರಿಸಿದರೂ ಅದು ಓಪನ್ ಸೋರ್ಸೇ ಅಲ್ಲವೇ?

ಉತ್ತರ: ಅಲ್ಲ. ಓಪನ್ ಸೋರ್ಸ್ ವ್ಯಾಖ್ಯೆಯ 6ನೇ ಅಂಶ ಯಾವ ಕ್ಷೇತ್ರದ ಬಳಕೆಯನ್ನೂ ತಡೆಯಬಾರದು ಎನ್ನುತ್ತದೆ. ಡೆಬಿಯನ್, ಫೆಡೋರಾದಂಥ ಲಿನಕ್ಸ್ ಬಗೆಗಳು ತಮ್ಮ ಮುಖ್ಯ ಸಂಗ್ರಹಕ್ಕೆ ಅಂಥದ್ದನ್ನು ಸೇರಿಸುವುದಿಲ್ಲ. ಶುಲ್ಕ ಪಡೆಯುವ ಟ್ಯೂಷನ್ ಮೇಷ್ಟ್ರು ವ್ಯಾಪಾರಿಯೇ ಎಂಬ ತಕರಾರು ಬೇರೆ.

ಪ್ರಶ್ನೆ (ಹೊಸೂರು, ಕೃಷ್ಣಗಿರಿ ಜಿಲ್ಲೆ): ಸರ್ವರ್‌ಗಳನ್ನು ಸಿದ್ಧಪಡಿಸುವ ಟೂಲ್ ಟೆರಾಫಾರ್ಮ್‌ಗೆ ಆದಂತೆ ನಾವು ನೆಚ್ಚಿಕೊಂಡ ಟೂಲಿನ ಲೈಸೆನ್ಸ್ ನಾಳೆ ಬದಲಾದರೆ? ಮೊದಲೇ ತಿಳಿಯುವ ದಾರಿ ಉಂಟೇ?

ಉತ್ತರ: ಖಚಿತವಾಗಿ ಅಲ್ಲ, ಆದರೆ ಸುಳಿವು ಸಿಗುತ್ತದೆ. ಹ್ಯಾಶಿಕಾರ್ಪ್ ಕಂಪನಿ 2023ರ ಆಗಸ್ಟ್‌ನಲ್ಲಿ ತನ್ನ ಟೆರಾಫಾರ್ಮನ್ನು ಎಂಪಿಎಲ್ 2.0ರಿಂದ, ಪೈಪೋಟಿಯ ಬಳಕೆಗೆ ಮಿತಿ ಹಾಕುವ ಬಿಸಿನೆಸ್ ಸೋರ್ಸ್ ಲೈಸೆನ್ಸಿಗೆ ಒಯ್ದಿತು. ಮುಂದಿನ ತಿಂಗಳಲ್ಲೇ ಓಪನ್‌ಟೋಫು ಎಂಬ ಕವಲು (ಹಳೆಯ ಕೋಡಿನಿಂದ ಬೇರೆಯವರು ಮುಂದುವರಿಸಿದ ರೂಪ) ಲಿನಕ್ಸ್ ಫೌಂಡೇಶನ್ ಸೇರಿತು. ಡೇಟಾಬೇಸ್ ಟೂಲ್ ರೆಡಿಸ್ 2024ರ ಮಾರ್ಚ್‌ನಲ್ಲಿ ಎಂಐಟಿಯಂಥದ್ದೇ ಆದ ಬಿಎಸ್‌ಡಿ ಲೈಸೆನ್ಸ್ ಬಿಟ್ಟಾಗ ವಾಲ್ಕೀ ಎಂಬ ಕವಲು ಹುಟ್ಟಿತು. ರೆಡಿಸ್ 2025ರಲ್ಲಿ ಜಿಪಿಎಲ್ ಬಳಗದ ಎಜಿಪಿಎಲ್ ಆಯ್ಕೆಯನ್ನು ಸೇರಿಸಿತು, ಅಷ್ಟರಲ್ಲಿ ವಾಲ್ಕೀ ಬೇರೂರಿತ್ತು.

ಆದ್ದರಿಂದ ಟೂಲ್ ಆರಿಸುವಾಗ ಲೈಸೆನ್ಸಿನ ಹೆಸರಿಗಿಂತ ಕೊಡುಗೆ ನೀಡುವವರಿಗೆ ಹಾಕಿರುವ ಷರತ್ತು ಓದಿ. ಸಿಎಲ್‌ಎ (ಕೊಡುಗೆದಾರರ ಒಪ್ಪಂದ) ಮೂಲಕ ಒಂದೇ ಕಂಪನಿಗೆ ಮರು-ಲೈಸೆನ್ಸ್ ಮಾಡುವ ಹಕ್ಕು ಹೋಗುತ್ತಿದ್ದರೆ ಅದು ಒಬ್ಬರನ್ನೂ ಕೇಳದೆ ಷರತ್ತು ಬಿಗಿಮಾಡಬಹುದು. ಡಿಸಿಒ (ಈ ಕೋಡ್ ಕೊಡಲು ತನಗೆ ಹಕ್ಕಿದೆ ಎಂಬ ಕೊಡುಗೆದಾರರ ಘೋಷಣೆ) ಇದ್ದು ಹಕ್ಕು ನೂರಾರು ಜನರ ಕೈಯಲ್ಲಿ ಹಂಚಿಹೋಗಿದ್ದರೆ ಆ ಕೆಲಸ ಬಹಳ ತ್ರಾಸದ್ದು. ಆದರೆ ಎಂಐಟಿ, ಬಿಎಸ್‌ಡಿ ಕೋಡಿನ ಮೇಲೆ ಮುಂದಿನ ಆವೃತ್ತಿಯನ್ನು ಯಾರು ಬೇಕಾದರೂ ಮುಚ್ಚಿ ಕಟ್ಟಬಹುದು, ಅದಕ್ಕೆ ಡಿಸಿಒ ತಡೆಯಲ್ಲ.

ನಿಮ್ಮ ಬಿಲ್ಡ್‌ನಲ್ಲಿ ಆವೃತ್ತಿಯನ್ನು ಅಂಕಿ ಸಹಿತ ಪಿನ್ ಮಾಡಿ, ‘ಲೇಟೆಸ್ಟ್’ ಎಂದು ಬಿಡಬೇಡಿ. ಬದಲಾವಣೆ ಮುಂದಿನ ಆವೃತ್ತಿಗಷ್ಟೇ ಅನ್ವಯ. ಟೆರಾಫಾರ್ಮ್‌ನ 1.5 ಸರಣಿ ಇಂದಿಗೂ ಎಂಪಿಎಲ್‌ನದ್ದೇ. ಭದ್ರತಾ ತಿದ್ದುಪಡಿ ಮಾತ್ರ ಅದಕ್ಕೆ ಬಾರದು, ಹಾಗಾಗಿ ಕವಲಿಗೆ ಹೋಗುವುದೋ ಹಣ ಕೊಡುವುದೋ ಎಂದು ಆ ಬಿಡುವಿನಲ್ಲಿ ತೀರ್ಮಾನಿಸಿಕೊಳ್ಳಿ.