ಗಡಸು ಬೋಲ್ಟು ಬಿರುಕು ಬಿಡುವುದೇಕೆ?

ಪ್ರಶ್ನೆ: ಅಣುವಿದ್ಯುತ್ ಸ್ಥಾವರಗಳ ವಾತಾಯನ ವ್ಯವಸ್ಥೆಯಲ್ಲಿ ಬೋಲ್ಟುಗಳ ಗಡಸುತನ ಅಳೆದು ಸ್ಟ್ರೆಸ್ ಕೊರೋಷನ್ ಅಪಾಯವನ್ನು ಅಂದಾಜು ಮಾಡುತ್ತಾರಂತೆ. ಗಡಸು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?
– ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿನಿ, ಹಾಸನ

ಉತ್ತರ: ಒಂದು ಮಿತಿಯವರೆಗೆ ಮಾತ್ರ. ಸಕಲೇಶಪುರದ ಮಳೆಯಲ್ಲಿ ತೋಟದ ಗೇಟಿನ ಬೋಲ್ಟು ತುಕ್ಕು ಹಿಡಿದು ಸವೆಯುವುದು ಕಣ್ಣಿಗೆ ಕಾಣುತ್ತದೆ. ಆದರೆ ಬಿಗಿದ ಬೋಲ್ಟಿನೊಳಗಿನ ಎಳೆತ, ತೇವ ಅಥವಾ ಕ್ಲೋರೈಡ್ ಇರುವ ಪರಿಸರ ಮತ್ತು ಸುಲಭವಾಗಿ ಬಲಿಯಾಗುವ ಉಕ್ಕು, ಈ ಮೂರೂ ಕೂಡಿದಾಗ ಹುಟ್ಟುವ ಬಿರುಕು (ಇದೇ ಸ್ಟ್ರೆಸ್ ಕೊರೋಷನ್) ಹೊರಗೆ ಹೆಚ್ಚು ತುಕ್ಕು ತೋರಿಸದೆಯೇ ಬೋಲ್ಟನ್ನು ಹಠಾತ್ತನೆ ಮುರಿಯಬಲ್ಲದು.

ಉಕ್ಕಿನ ಬಲ ಹೆಚ್ಚಿದಂತೆ ಈ ದೌರ್ಬಲ್ಯವೂ ಹೆಚ್ಚುತ್ತದೆ. ಇಳುವಿಕೆ ಬಲ (ಯೀಲ್ಡ್ ಸ್ಟ್ರೆಂಗ್ತ್, ಅಂದರೆ ಉಕ್ಕು ಶಾಶ್ವತವಾಗಿ ಹಿಗ್ಗತೊಡಗುವ ಎಳೆತದ ಮಟ್ಟ) ಸುಮಾರು 1034 ಮೆಗಾಪಾಸ್ಕಲ್ ದಾಟಿದ ಬೋಲ್ಟುಗಳನ್ನು ಅಣುಸ್ಥಾವರಗಳಲ್ಲಿ ವಿಶೇಷ ಎಚ್ಚರಿಕೆಯಿಂದ ನೋಡುತ್ತಾರೆ. ಅಳವಡಿಸಿದ ಬೋಲ್ಟನ್ನು ಎಳೆದು ಪರೀಕ್ಷಿಸಲಾಗದ ಕಾರಣ ಗಡಸುತನವೇ ಬಲದ ಸೂಚಕವಾಗುತ್ತದೆ: 10.9 ಎಂಬ ಬಲದ ದರ್ಜೆಯ ಬೋಲ್ಟಿಗೆ ಗಡಸುತನದ ರಾಕ್‌ವೆಲ್ ಸಿ ಮಾಪಕದಲ್ಲಿ 32ರಿಂದ 39, ಅದಕ್ಕಿಂತ ಬಲವಾದ 12.9 ದರ್ಜೆಗೆ 39ರಿಂದ 44. ಲೇಪನವನ್ನು ಉಜ್ಜಿ ತೆಗೆಯದೆ ಅಳೆದರೆ, ಅಥವಾ ಮೇಲ್ಮೈಯಲ್ಲಿ ಇಂಗಾಲ ಕಳೆದುಹೋಗಿದ್ದರೆ, ಅಂಕಿ ಕಡಿಮೆ ಬಂದು ಮೋಸಹೋಗುವ ಸಂಭವವಿದೆ. ಇದನ್ನು ಮರೆಯಬಾರದು.

ಒಣ ಗಾಳಿಯ ಒಳಕೋಣೆಯಲ್ಲಿ ಹಗುರ ಡಕ್ಟ್ ಹಿಡಿದಿರುವ ಸಾಧಾರಣ ಬೋಲ್ಟಿಗೆ ಅಪಾಯ ಅತ್ಯಲ್ಪ. ಫ್ಯಾನಿನ ಬುಡದ ಹೆಚ್ಚು ಬಲದ ಬೋಲ್ಟುಗಳು, ನೀರು ತೊಟ್ಟಿಕ್ಕುವ ತಂಪುಸುರುಳಿಯ ಪಕ್ಕದವು ಮತ್ತು ಇಂಥ ಬಿರುಕಿಗೆ ನೆರವಾಗಬಲ್ಲ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಗ್ರೀಸ್ ಹಚ್ಚಿದವು ಮೊದಲು ಪರಿಶೀಲನೆಗೆ ಬರಬೇಕು.