ತೈಪೆ 101 ಕಟ್ಟಡದ ಒಳಗೆ ಆ ದೊಡ್ಡ ಗುಂಡು ಯಾಕಿದೆ?

ಗಾಳಿಗೆ ಕಟ್ಟಡ ಜಾಸ್ತಿ ತೂಗಾಡದಿರಲಿ ಅಂತ. ತೈವಾನ್‌ಗೆ ಟೈಫೂನ್‌ಗಳು ಬರುತ್ತಲೇ ಇರುತ್ತವೆ. ಅಂಥ ಕಡೆ 508 ಮೀಟರ್ ಎತ್ತರದ ಆಫೀಸ್ ಕಟ್ಟಡ ನಿಲ್ಲಿಸಿದ್ದಾರೆ. ಇಷ್ಟು ಎತ್ತರದ್ದು ಗಾಳಿಗೆ ಸ್ವಲ್ಪ ಬಾಗಲೇಬೇಕು, ಅದರಿಂದ ಬಿದ್ದುಹೋಗುವುದಿಲ್ಲ. ಆದರೆ ಮೇಲಿನ ಮಹಡಿಗಳಲ್ಲಿ ಕೂತು ಕೆಲಸ ಮಾಡುವವರಿಗೆ ತಲೆ ಸುತ್ತುತ್ತದೆ, ಅಲ್ವಾ?

ಅದಕ್ಕೇ ಈ ಗುಂಡು. ತೂಕ 660 ಟನ್, ಅಗಲ ಸುಮಾರು 5.5 ಮೀಟರ್. ದಪ್ಪ ಉಕ್ಕಿನ 41 ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ್ದು. 92ನೇ ಮಹಡಿಯಿಂದ ಉಕ್ಕಿನ ಹಗ್ಗಗಳಲ್ಲಿ ಇಳಿಬಿಟ್ಟಿದ್ದಾರೆ. ಗಾಳಿ ಕಟ್ಟಡವನ್ನು ಒಂದು ಕಡೆ ತಳ್ಳಿದಾಗ ಗುಂಡು ತನ್ನ ಭಾರಕ್ಕೆ ತಕ್ಷಣ ಜೊತೆಗೆ ಹೋಗುವುದಿಲ್ಲ, ಹಿಂದೆ ಉಳಿಯುತ್ತದೆ, ಆಗ ಎರಡರ ನಡುವೆ ಇರುವ ಡ್ಯಾಂಪರ್‌ಗಳು (ಬೈಕಿನ ಶಾಕ್ ಅಬ್ಸಾರ್ಬರ್ ಥರದವು) ಒತ್ತಿ ಹಿಗ್ಗಿ ಆ ತೂಗಾಟದ ಶಕ್ತಿಯನ್ನು ಬಿಸಿಯಾಗಿ ಕಳೆದುಬಿಡುತ್ತವೆ. ಸುಮ್ನೆ ಭಾರ ನೇತುಹಾಕಿದರೆ ಸಾಲದು. ಗುಂಡು ತೂಗುವ ಲಯ ಕಟ್ಟಡದ ಲಯಕ್ಕೆ ಹೊಂದಬೇಕು, ನನಗೆ ತುಂಬಾ ಇಷ್ಟವಾಗುವ ವಿಷಯ ಇದೇ.

2015ರ ಆಗಸ್ಟ್‌ನಲ್ಲಿ ಸೌಡೆಲೋರ್ ಟೈಫೂನ್ ಬಡಿದಾಗ ಗುಂಡು ಸುಮಾರು 1 ಮೀಟರ್ ತೂಗಿತ್ತು. ಬೇರೆ ಕಟ್ಟಡಗಳಲ್ಲಿ ಇಂಥದ್ದನ್ನು ಸಾಮಾನ್ಯವಾಗಿ ಮುಚ್ಚಿಟ್ಟಿರುತ್ತಾರೆ, ಇಲ್ಲಿ ಮಾತ್ರ ಬಂಗಾರದ ಬಣ್ಣ ಬಳಿದು ಜನ ಬಂದು ನೋಡುವಂತೆ ಇಟ್ಟಿದ್ದಾರೆ.