ಆನರ್ಸ್ ತರಗತಿಯಲ್ಲಿ ಕಪ್ಪು ಮಕ್ಕಳು ಏಕಿಲ್ಲ?

ಪ್ರಶ್ನೆ: ನಾವು ಮೈಸೂರಿನವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಎಂಟನೇ ತರಗತಿಯ ಮಗಳು ಮೊನ್ನೆ, "ನಮ್ಮ ಆನರ್ಸ್ (ಮೇಲ್ಮಟ್ಟದ) ಗಣಿತದಲ್ಲಿ ಎಲ್ಲರೂ ಇಂಡಿಯನ್ನರು, ಚೀನೀಯರು, ಕಪ್ಪು ಹುಡುಗರಿಗೆ ಓದು ಬೇಕಿಲ್ಲ" ಎಂದಳು. ವರ್ಣಭೇದ ತಪ್ಪೆಂದು ಶಾಲೆಯಲ್ಲೂ ಮನೆಯಲ್ಲೂ ಹೇಳಿಕೊಟ್ಟಿರುವಾಗ ಈ ಮಾತು ಎಲ್ಲಿಂದ ಬಂತು?
– ಓದುಗರೊಬ್ಬರು

ಉತ್ತರ: ಬಹುಮಟ್ಟಿಗೆ ಶಾಲೆಯ ಏರ್ಪಾಡಿನಿಂದಲೇ ಬಂದಿರಬೇಕು. ತಾನು ಯಾರ ಪೈಕಿ ಎಂದು ಮಕ್ಕಳು ಹುಡುಕತೊಡಗುವ ಈ ವಯಸ್ಸಿನಲ್ಲಿ, ಫೆಬ್ರುವರಿಯ ಕಪ್ಪು ಜನರ ಇತಿಹಾಸ ಮಾಸದಲ್ಲಿ ಕೇಳಿದ ಭಾಷಣಕ್ಕಿಂತ ಯಾವ ಕೊಠಡಿಯಲ್ಲಿ ಯಾರು ಕೂರುತ್ತಾರೆಂಬ ದಿನನಿತ್ಯದ ನೋಟವೇ ಅವರ ಮನಸ್ಸಿನಲ್ಲಿ ಹೆಚ್ಚು ನಿಲ್ಲುತ್ತದೆ. ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರ ಬ್ರೌನ್ ತೀರ್ಪಿನಲ್ಲಿ ಹೇಳಿತು. ಆದರೆ ಒಂದೇ ಕಟ್ಟಡದೊಳಗೆ 'ಆನರ್ಸ್', 'ರೆಗ್ಯುಲರ್' ಎಂದು ವಿಂಗಡಿಸುವ ಪದ್ಧತಿ ಆ ಬೇರ್ಪಡೆಯನ್ನು ಅನೇಕ ಕಡೆ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಂಡಿದೆ. ಆಯ್ಕೆಯಲ್ಲಿ ಅಂಕಗಳ ಜೊತೆಗೆ ಶಿಕ್ಷಕರ ಶಿಫಾರಸು, ಪೋಷಕರ ಒತ್ತಾಯ, ಖಾಸಗಿ ಕೋಚಿಂಗ್ (ಇದಕ್ಕೆ ನಮ್ಮವರು ಸುರಿಯುವ ಹಣ ನಿಮಗೆ ಗೊತ್ತೇ ಇದೆ) ಎಲ್ಲವೂ ಸೇರಿರುತ್ತವೆ. ಮಗಳಿಗೆ ಕಾಣುವುದು ಫಲಿತಾಂಶ ಮಾತ್ರ.

ಭಾಷಣಕ್ಕಿಂತ ಏರ್ಪಾಡು ಬದಲಾದರೆ ಏನಾಗುತ್ತದೆಂಬುದಕ್ಕೆ ಟೆಕ್ಸಾಸಿನ ಆಸ್ಟಿನ್ ನಗರದ ಉದಾಹರಣೆಯಿದೆ. ಅಲ್ಲಿ ಬಿಳಿ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದು ವೈಮನಸ್ಯ ಹೆಚ್ಚಿದ್ದಾಗ, 1971ರಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ಮಕ್ಕಳನ್ನು ಮಿಶ್ರ ಗುಂಪುಗಳಾಗಿ ಮಾಡಿ, ಪಾಠದ ಒಂದೊಂದು ಭಾಗವನ್ನು ಒಬ್ಬೊಬ್ಬರಿಗೇ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಭಾಗವನ್ನು ಉಳಿದವರಿಗೆ ಕಲಿಸಬೇಕಿದ್ದುದರಿಂದ, ಯಾರನ್ನು ದಡ್ಡನೆಂದು ತಳ್ಳಿದ್ದರೋ ಅವನ ಮಾತನ್ನೇ ಗಮನವಿಟ್ಟು ಕೇಳಬೇಕಾಯಿತು. ಪರಸ್ಪರ ಇಷ್ಟಪಡುವುದೂ ಮಕ್ಕಳ ಆತ್ಮವಿಶ್ವಾಸವೂ ಹೆಚ್ಚಿದವು. ಬೇರೆ ಬೇರೆ ಕೊಠಡಿಗಳಲ್ಲಿ ಕೂರುವ ಮಕ್ಕಳಿಗೆ ಈ ಅವಕಾಶವೇ ಇರುವುದಿಲ್ಲ.

ಮಗಳನ್ನು ಗದರಿಸಬೇಡಿ, ಆ ತರಗತಿಗೆ ಮಕ್ಕಳು ಹೇಗೆ ಬಂದರೆಂದು ಅವಳನ್ನೇ ಕೇಳಿ. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಕಾವಿನಲ್ಲೇ ಬಂದ 1965ರ ವಲಸೆ ಕಾನೂನು ನಮ್ಮಂಥವರಿಗೆ ಬಾಗಿಲು ತೆರೆಯಿತು. ಅದರಡಿ ಆಯ್ಕೆಯಾಗಿ ಬಂದವರಲ್ಲಿ ಬಹಳಷ್ಟು ಮಂದಿ ಪದವೀಧರರೇ. ಅವರ ಮಕ್ಕಳ ಅಂಕಗಳನ್ನು ಜನಾಂಗದ ಗುಣವೆಂದು ಎಣಿಸುವುದು ತಪ್ಪು ಲೆಕ್ಕ. ಮನೆ ಮಾಡಲು "ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್" (ಶಾಲಾ ವಲಯ) ಹುಡುಕುವಾಗ ಹಿರಿಯರು ಆಡಿದ ಮಾತುಗಳೂ ಅವಳ ಕಿವಿಗೆ ಬಿದ್ದಿರಬಹುದು.

ನ್ಯೂಜೆರ್ಸಿಯ ಶಾಲೆಗಳು ಆಫ್ರಿಕನ್ ಅಮೆರಿಕನ್ನರ ಇತಿಹಾಸವನ್ನು ಪಾಠಕ್ರಮದಲ್ಲಿ ಸೇರಿಸಬೇಕೆಂದು 2002ರ ಅಮಿಸ್ಟಾಡ್ ಕಾನೂನೂ, ಏಷ್ಯನ್ ಅಮೆರಿಕನ್ನರದನ್ನು ಸೇರಿಸಬೇಕೆಂದು 2022ರ ಕಾನೂನೂ ಹೇಳುತ್ತವೆ. ಮುಂದಿನ ಪೋಷಕರ ಸಭೆಯಲ್ಲಿ ಈ ಪಾಠಗಳು ಹೇಗೆ ನಡೆಯುತ್ತಿವೆ, ಆನರ್ಸ್ ಆಯ್ಕೆ ಯಾವ ಆಧಾರದ ಮೇಲೆ ಆಗುತ್ತದೆ ಎಂಬ ಎರಡನ್ನೂ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ.